ಕಲ್ಯಾಣದ ಗಾಳ, ಕಾವೇರಿಯ ಮೀನು

ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿ ಮನ್ನಾಏಖೇಳ್ಳಿ, ಹುಮನಾಬಾದ್‌ಗಳನ್ನು ಹಾದು ಮುಂದೆ ಸಾಗಿದರೆ ಸಸ್ತಾಪುರ ಬಂಗ್ಲಾದ ಬಳಿ ಬಸವಕಲ್ಯಾಣದ ದಾರಿ ಕವಲೊಡೆಯುತ್ತದೆ. ಎರಡೂ ಬದಿಗೆ ತೊಗರಿ, ಜೋಳ, ಉದ್ದಿನ ಹೊಲಗಳು. ಮಳೆಗಾಲ ಮುಗಿಯುತ್ತಲೇ ಬತ್ತಿ ಹೋಗುವ ಹಳ್ಳಗಳು. ದೊಡ್ಡ ನೀರು ಎಂದರೆ ಮಾಂಜ್ರಾ ನದಿ ಮತ್ತು ಅದನ್ನು ಸೇರುವ ಕಾರಂಜಾ, ಅಷ್ಟೆ. ಇಂಥ ಒಣಸೀಮೆಯ ಅರಮನೆಯೊಂದರಲ್ಲಿ ಕುಳಿತು ದೊರೆಯೊಬ್ಬ ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ ಕಟ್ಟಬೇಕು ಎಂದು ಬರೆಸಿದ ಎಂದರೆ ಯಾರೂ ಥಟ್ಟನೆ ನಂಬಲಾರರು. ಆದರೆ ಗಾಳದ ಮೇಲೆ ಜಗತ್ತಿನಲ್ಲಿ ಉಳಿದಿರುವ ಹಳೆಯ ಬರಹಗಳಲ್ಲಿ ಒಂದು ಹುಟ್ಟಿದ್ದು ಈ ಕಲ್ಯಾಣದಲ್ಲೇ.

ಬರೆದವನು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳವನು. ತಂದೆಯ ಆಸ್ಥಾನದಲ್ಲಿ ‘ಮಿತಾಕ್ಷರ’ದ ವಿಜ್ಞಾನೇಶ್ವರ, ಕಾಶ್ಮೀರದಿಂದ ಬಂದ ಬಿಲ್ಹಣ ಮುಂತಾದವರಿದ್ದರು. ಮಗ ತಾನೇ ಲೇಖನಿ ಹಿಡಿದ. ಯುದ್ಧಭೂಮಿಯಲ್ಲಿ ತಂದೆಯಷ್ಟು ಹೆಸರು ಮಾಡದ ಈ ರಾಜ 1129ರ ಸುಮಾರಿಗೆ ಮುಗಿಸಿದ ಸಂಸ್ಕೃತ ಗ್ರಂಥವೇ ‘ಮಾನಸೋಲ್ಲಾಸ’; ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯ. ರಾಜ್ಯಭಾರದಿಂದ ಹಿಡಿದು ಆನೆಯ ವೈದ್ಯದವರೆಗೆ, ಸಂಗೀತದಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ ವಿಷಯ ಕಡಿಮೆ. ಅದರ ನಾಲ್ಕನೆಯ ಭಾಗ ವಿನೋದಗಳಿಗೆ ಮೀಸಲು. ಕುಸ್ತಿ, ಕೋಳಿ ಅಂಕ, ಟಗರಿನ ಕಾಳಗ, ಗಿಡುಗ ಬಿಟ್ಟು ಹಕ್ಕಿ ಹಿಡಿಯುವುದು ಮುಂತಾದವುಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೂ ಒಂದು.

ಈ ಅಧ್ಯಾಯವನ್ನು ಸಂಸ್ಕೃತ ಪಂಡಿತರು ಬಹುಕಾಲ ರಾಜನ ಹುಚ್ಚು ಎಂಬಂತೆ ಪಕ್ಕಕ್ಕೆ ಸರಿಸಿದ್ದರು. ಅದನ್ನು ಮೀನುಶಾಸ್ತ್ರದ ಕಣ್ಣಿನಿಂದ ಓದಿದವರು ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ. 1951ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ವಿಷಯ ಬೆಳಕಿಗೆ ಬಂತು. ಸಮುದ್ರದವು, ಹೊಳೆಯವು ಎಂದು ಮೊದಲು ಪಾಲು ಮಾಡಿ, ಹುರುಪೆ ಉಳ್ಳವು, ಇಲ್ಲದವು, ದೊಡ್ಡವು, ನಡುತರದವು, ಚಿಕ್ಕವು ಎಂದು ಮತ್ತೆ ವಿಂಗಡಿಸಿ ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಸೋಮೇಶ್ವರ ಹೆಸರಿಸುತ್ತಾನೆ. ಕೆಲವು ಹೆಸರುಗಳು ಇಂದಿಗೆ ಬಿಡಿಸಲಾಗದ ಒಗಟು. ರೋಹಿತ ಎಂದರೆ ನಮ್ಮ ಮಾರುಕಟ್ಟೆಯ ರೋಹು. ಹೊಳೆಗಳ ರಾಜನೆನಿಸಿದ ಮಹಶೀರನ್ನೂ ಈ ಪಟ್ಟಿಯಲ್ಲಿ ವಿದ್ವಾಂಸರು ಗುರುತಿಸಿದ್ದಾರೆ.

ಪಟ್ಟಿಗಿಂತ ಮುಖ್ಯವಾದುದು ಅಧ್ಯಾಯದ ನಡೆ. ಮೊದಲು ಮೀನಿನ ಪರಿಚಯ. ಬಳಿಕ ಅದು ಏನು ತಿನ್ನುತ್ತದೆ, ಹಿಟ್ಟಿನ ಉಂಡೆಯೋ ಮಾಂಸದ ತುಂಡೋ ಎಂಬ ವಿಚಾರ. ನೀರಿನಲ್ಲಿ ಒಂದೇ ಜಾಗಕ್ಕೆ ಮೊದಲೇ ಎರೆ ಚೆಲ್ಲಿ ಮೀನನ್ನು ರೂಢಿ ಮಾಡಿಸುವ ಕ್ರಮ. ಅದೆಲ್ಲ ಆದ ಮೇಲೆ ಕೋಲು, ದಾರ, ಕೊಕ್ಕೆಯ ಮಾತು. ಕೊಕ್ಕೆಗೆ ಸಂಸ್ಕೃತದಲ್ಲಿ ಬಡಿಶ ಎಂದು ಹೆಸರು. ಕಚ್ಚಿದ ಮೀನನ್ನು ಒಮ್ಮೆಗೇ ಎಳೆಯದೆ ಆಡಿಸಿ ದಣಿಸುವ ಬಗೆಯೂ ಬರುತ್ತದೆ. ಹಿಡಿದದ್ದನ್ನು ಏನು ಮಾಡಬೇಕೆಂಬುದಕ್ಕೆ ಓದುಗ ಅದೇ ಗ್ರಂಥದ ಅನ್ನಭೋಗದ ಭಾಗಕ್ಕೆ ಹೋಗಬೇಕು. ತುಂಡುಗಳನ್ನು ತೊಳೆದು, ಹುಣಿಸೆ ರಸದಲ್ಲಿ ಬೇಯಿಸಿ, ಗೋಧಿಹಿಟ್ಟು ಸವರಿ ಎಣ್ಣೆಯಲ್ಲಿ ಕೆಂಪಗೆ ಕರಿಯುವ ಪಾಕ ಅಲ್ಲಿದೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಇದೇ ಊರಿನಲ್ಲಿ ಶರಣರ ದಯೆಯ ಮಾತು ಮೊಳಗಿತು ಎಂಬುದನ್ನು ನೆನೆದರೆ ಕಲ್ಯಾಣ ಎಷ್ಟು ಬಗೆಯ ಮನಸ್ಸುಗಳಿಗೆ ತಾವು ಕೊಟ್ಟಿತ್ತು ಎಂದು ಬೆರಗಾಗುತ್ತದೆ.

ಮೀನನ್ನು ಅರಿಯದೆ ಗಾಳ ಆರಿಸಬಾರದು ಎಂಬ ಈ ಕ್ರಮ ಸರಳವಾಗಿ ಕಾಣುತ್ತದೆ. ಆದರೆ ಗಾಳದ ಅಂಗಡಿಗೆ ಹೋದವರು ಇಂದಿಗೂ ತಪ್ಪುವುದು ಇಲ್ಲೇ. ಹೊಳೆಯುವ ಕೋಲು, ದುಬಾರಿ ರೀಲು ಮೊದಲು ಕೊಳ್ಳುತ್ತಾರೆ. ಯಾವ ನೀರು, ಯಾವ ಮೀನು ಎಂಬುದು ಆಮೇಲೆ ನೆನಪಾಗುತ್ತದೆ.

ಯುರೋಪಿನಲ್ಲಿ ಇದೇ ಬುದ್ಧಿ ಮಾತು ಅಚ್ಚಾದದ್ದು 1496ರಲ್ಲಿ. ಸೋಮೇಶ್ವರನ ಗ್ರಂಥ ಮುಗಿದು ಆಗಲೇ ಮೂರೂವರೆ ಶತಮಾನ ಕಳೆದಿತ್ತು. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಬರೆದಳೆಂದು ಹೇಳಲಾಗುವ, ಆದರೆ ಯಾರು ಬರೆದರೆಂದು ಖಚಿತವಾಗದ ಆ ಇಂಗ್ಲಿಷ್ ಪುಸ್ತಿಕೆಯಲ್ಲಿ ದಾರವನ್ನು ಕುದುರೆಯ ಬಾಲದ ಕೂದಲಿನಿಂದ ಹೊಸೆಯಬೇಕೆಂದಿದೆ. ಎಷ್ಟು ಎಳೆ? ಅದು ಮೀನಿನ ಮೇಲೆ ನಿಂತಿದೆ. ಬೆರಳುದ್ದದ ಮೀನಿಗೆ ಒಂದೇ ಕೂದಲು, ಟ್ರೌಟ್ ಮೀನಿಗೆ ಒಂಬತ್ತು, ಅದು ದೊಡ್ಡದಾದರೆ ಹನ್ನೆರಡು, ಸಾಲ್ಮನ್ನಿಗೆ ಹದಿನೈದು. ಸೂಜಿಯನ್ನು ಕಾಯಿಸಿ ಬಗ್ಗಿಸಿ ಕೊಕ್ಕೆ ಮಾಡುವ ಬಗೆ, ಹನ್ನೆರಡು ತರದ ಹುಸಿನೊಣಗಳನ್ನು ಕಟ್ಟುವ ಬಗೆ ಎಲ್ಲವೂ ಅದರಲ್ಲುಂಟು. ಇಲ್ಲಿಗೆ ಗಾಳದ ಇನ್ನೊಂದು ಶಾಖೆ ಆರಂಭವಾಗುತ್ತದೆ.

ಹುಸಿನೊಣ ಎಂದರೆ ಕೊಕ್ಕೆಯ ಸುತ್ತ ಗರಿ, ತುಪ್ಪಳ, ರೇಷ್ಮೆದಾರ ಸುತ್ತಿ ಮಾಡಿದ ಹುಳುವಿನ ವೇಷ. ನಮ್ಮ ಕೆರೆಯ ದಂಡೆಯ ಹುಡುಗ ಬಿದಿರಿನ ಕೋಲಿಗೆ ದಾರ ಕಟ್ಟಿ, ಬೆಂಡು ಕಟ್ಟಿ, ಎರೆಹುಳು ಚುಚ್ಚಿ ಎಸೆಯುವಾಗ ಎರೆಯ ಮತ್ತು ಸೀಸದ ಗುಂಡಿನ ತೂಕ ದಾರವನ್ನು ಎಳೆದೊಯ್ಯುತ್ತದೆ. ಹುಸಿನೊಣಕ್ಕೆ ತೂಕವೇ ಇಲ್ಲ. ಗರಿಯೊಂದನ್ನು ಗಾಳಿಗೆ ಎಸೆದು ಇಪ್ಪತ್ತು ಗಜ ದೂರ ಬೀಳಿಸಲು ಸಾಧ್ಯವೆ? ಆದ್ದರಿಂದ ಈ ಬಗೆಯಲ್ಲಿ ತೂಕವನ್ನು ದಾರಕ್ಕೆ ಕೊಟ್ಟಿದ್ದಾರೆ. ದನಗಾಹಿಯ ಬಾರುಕೋಲಿನಂತೆ ಕೋಲು ಹಿಂದಕ್ಕೆ ಹೋಗಿ ಮುಂದಕ್ಕೆ ಬರುವಾಗ ದಪ್ಪನೆಯ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ; ನೊಣ ಅದರ ಬಾಲಕ್ಕೆ ಅಂಟಿಕೊಂಡು ಹೋಗಿ ಕೊನೆಗೆ ನೀರಿನ ಮೇಲೆ ಹಗುರವಾಗಿ ಕೂರುತ್ತದೆ.

ಸಲಕರಣೆಯ ಆಯ್ಕೆಯೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ. ದಾರದ ತೂಕಕ್ಕೆ ತಕ್ಕ ಕೋಲು ಬೇಕು. ಭಾರದ ದಾರವನ್ನು ಎಳೆಯ ಕೋಲು ಎತ್ತಲಾರದು, ಹಗುರ ದಾರ ಬಿರುಸು ಕೋಲನ್ನು ಬಗ್ಗಿಸಲಾರದು. 1961ರಲ್ಲಿ ಅಮೆರಿಕದ ತಯಾರಕರು ಇದಕ್ಕೊಂದು ಅಂಕಿಯ ಲೆಕ್ಕ ತಂದರು. ದಾರದ ಮೊದಲ ಮೂವತ್ತು ಅಡಿ ತೂಗಿ ನಂಬರು ಕೊಡುವುದು. 5ನೇ ನಂಬರಿನ ದಾರದ ಆ ಭಾಗ ಸುಮಾರು 9 ಗ್ರಾಂ, 8ನೆಯದು ಹದಿಮೂರೂವರೆ ಗ್ರಾಂ, 10ನೆಯದು 18 ಗ್ರಾಂ. ಕೋಲಿನ ಮೇಲೂ ಅದೇ ನಂಬರು. ಹೊಸಬರು ಬೇರೆ ಲೆಕ್ಕ ಹಾಕುವ ಗೋಜಿಗೆ ಹೋಗದೆ ಎರಡು ನಂಬರು ಹೊಂದಿಸಿಕೊಂಡರೆ ಸಾಕು.

ಟ್ರೌಟ್ ಮತ್ತು ಸಾಲ್ಮನ್ ಒಂದೇ ಕುಲದ ಮೀನುಗಳಾದರೂ ಅವುಗಳ ಗಾಳ ಬೇರೆ. ಏಕೆಂದರೆ ಅವುಗಳ ಬದುಕು ಬೇರೆ. ಟ್ರೌಟ್ ತಣ್ಣನೆಯ ತೊರೆಯಲ್ಲಿ ಒಂದೆಡೆ ನಿಂತು ತೇಲಿ ಬರುವ ಹುಳುಗಳನ್ನು ಆಯ್ದು ತಿನ್ನುತ್ತದೆ. ಅದರ ಕಣ್ಣು ಚುರುಕು. ಆ ಹೊತ್ತಿಗೆ ನೀರಿನ ಮೇಲೆ ಯಾವ ಹುಳು ಏಳುತ್ತಿದೆಯೋ ಅದರ ಗಾತ್ರ, ಬಣ್ಣಕ್ಕೆ ಹೋಲುವ ಪುಟ್ಟ ನೊಣ ಬೇಕು. ಎಂಟೊಂಬತ್ತು ಅಡಿಯ ಹಗುರ ಕೋಲು, 4ರಿಂದ 6ರವರೆಗಿನ ದಾರ. ಸಾಲ್ಮನ್ ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ಹೊಳೆಗೆ ಏರುವ ಮೀನು. ಹೊಳೆಗೆ ಬಂದ ಮೇಲೆ ಅದು ಆಹಾರ ತಿನ್ನುವುದನ್ನೇ ಬಿಡುತ್ತದೆ. ಹಸಿವಿಲ್ಲದ ಮೀನಿಗೆ ಗಾಳ ಹಾಕುವುದೆಂತು? ಕೆರಳಿಸಬೇಕು. ಅದಕ್ಕೇ ಸಾಲ್ಮನ್ ನೊಣಗಳು ಯಾವ ಹುಳುವನ್ನೂ ಹೋಲದ, ಮದುವೆ ಪೇಟದಂತೆ ಝಗಝಗಿಸುವ ವಸ್ತುಗಳು. ಹೊಳೆ ಅಗಲ, ಮೀನು ಭಾರ; ಎರಡೂ ಕೈಯಲ್ಲಿ ಹಿಡಿಯುವ ಹನ್ನೆರಡರಿಂದ ಹದಿನೈದು ಅಡಿಯ ಕೋಲು, 8ರಿಂದ 10ರ ದಾರ.

ಜೋಡಿಸುವ ಕ್ರಮವನ್ನು ಹಿಂದಿನಿಂದ ಮುಂದಕ್ಕೆ ನೋಡಬೇಕು. ರೀಲಿಗೆ ಮೊದಲು ತೆಳುವಾದ ಮೀಸಲು ದಾರ, ನೂರು ಗಜಕ್ಕೆ ಕಡಿಮೆಯಿಲ್ಲದಂತೆ. ಮೀನು ಓಡಿದಾಗ ಇದು ಆಪದ್ಧನ. ಅದಕ್ಕೆ ತೂಕದ ದಾರ. ಅದರ ಮುಂದೆ ಒಂಬತ್ತು ಅಡಿಯಷ್ಟು ಉದ್ದದ, ಬರಬರುತ್ತ ಸಪೂರವಾಗುವ ಪಾರದರ್ಶಕ ತುದಿದಾರ, ಕೊನೆಗೆ ನೊಣ. ಕೋಲಿನ ಬಳೆಗಳಲ್ಲಿ ದಾರ ಪೋಣಿಸುವಾಗ ತುದಿಯನ್ನು ಹಿಡಿಯಬಾರದು, ದಪ್ಪ ದಾರವನ್ನು ಮಡಿಸಿ ಆ ಮಡಿಕೆಯನ್ನೇ ತೂರಿಸಬೇಕೆಂದು ಅನುಭವಿಗಳು ಹೇಳುವುದುಂಟು. ಕೈ ಜಾರಿದರೆ ಮಡಿಕೆ ಬಿಚ್ಚಿಕೊಂಡು ಬಳೆಯಲ್ಲಿ ತಡೆಯುತ್ತದೆ. ಒಂಟಿ ತುದಿಯಾದರೆ ಸರ್ರನೆ ಕೆಳಗಿಳಿದು ಮೊದಲಿನಿಂದ ಆರಂಭಿಸಬೇಕು. ನೊಣ ಕಟ್ಟುವ ಗಂಟೂ ಹಾಗೆಯೇ. ದಾರವನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ, ಅದೇ ದಾರದ ಸುತ್ತ ಐದು ಸುತ್ತು ಹಾಕಿ, ಕಣ್ಣಿನ ಪಕ್ಕದ ಕುಣಿಕೆಯಲ್ಲಿ ಮರಳಿ ತೂರಿಸಿ ಎಳೆಯುವುದು. ಎಳೆಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಬೇಕು. ಒಣಗಂಟು ಬಿಗಿದರೆ ಉಜ್ಜಿದ ಕಾವಿಗೆ ನೈಲಾನ್ ಅಲ್ಲೇ ಸೊರಗುತ್ತದೆ. ದೊಡ್ಡ ಮೀನು ತಪ್ಪಿತು ಎಂದು ಹೇಳುವ ಎಷ್ಟೋ ಕತೆಗಳ ಹಿಂದೆ ಇಂಥದೊಂದು ಒಣಗಂಟು ಇರುತ್ತದೆ.

ನೈಲಾನ್ ಬರುವ ಮುನ್ನ ತುದಿದಾರಕ್ಕೆ ಬಳಸುತ್ತಿದ್ದುದು ರೇಷ್ಮೆಹುಳುವಿನ ಕರುಳಿನಂಥ ಗ್ರಂಥಿ ಎಂದರೆ ರಾಮನಗರ, ಕೊಳ್ಳೇಗಾಲದ ರೈತರಿಗೆ ಅಚ್ಚರಿಯಾದೀತು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಹೊರಗೆಳೆದು ಹಿಗ್ಗಿಸಿ ಒಣಗಿಸುತ್ತಿದ್ದರು. ಸ್ಪೇನಿನ ಮುರ್ಸಿಯಾ ಪ್ರದೇಶ ಇದಕ್ಕೆ ಹೆಸರಾಗಿತ್ತು. ಭಾರತದ ಪಾಲೂ ಈ ವಿಲಾಯತಿ ಹವ್ಯಾಸದಲ್ಲಿ ಕಡಿಮೆಯದೇನಲ್ಲ. ಬಿದಿರನ್ನು ಉದ್ದಕ್ಕೆ ಸೀಳಿ, ಆರು ಪಟ್ಟಿಗಳನ್ನು ಮತ್ತೆ ಅಂಟಿಸಿ ಮಾಡುತ್ತಿದ್ದ ಕೋಲುಗಳಿಗೆ ಮೊದಮೊದಲು ಹೋಗುತ್ತಿದ್ದುದು ಕಲ್ಕತ್ತ ಬಂದರಿನಿಂದ ಹಡಗೇರುತ್ತಿದ್ದ ಬಿದಿರು. ಚೀನಾದ ಟೊಂಕಿನ್ ಬಿದಿರು ಅದರ ಜಾಗ ಹಿಡಿದದ್ದು ಆಮೇಲೆ. ಸಾಲ್ಮನ್ ನೊಣದ ಕೆನ್ನೆಗೆ ಕಣ್ಣಿನಂತೆ ಅಂಟಿಸುತ್ತಿದ್ದುದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ. ಆ ಗರಿಯ ಮೇಲೆ ಮೇಣದ ಹನಿ ಬಿದ್ದಂತೆ ಹೊಳೆಯುವ ಮಚ್ಚೆಗಳಿರುತ್ತವೆ. ಜೊತೆಗೆ ನವಿಲುಗರಿಯ ಎಳೆ. ಸ್ಕಾಟ್ಲೆಂಡಿನ ಹೊಳೆಯೊಂದರಲ್ಲಿ ಲಾರ್ಡ್ ಸಾಹೇಬರು ಸಾಲ್ಮನ್ ಹಿಡಿಯಲೆಂದು ಕೊಡಗಿನಿಂದ ಕೇರಳದವರೆಗಿನ ಕಾಡುಗಳಲ್ಲಿ ಹುಂಜಗಳು ಪ್ರಾಣ ಬಿಟ್ಟವು. ಇಂದು ಕಾಡುಕೋಳಿ, ನವಿಲು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಗರಿ, ಬಿದಿರು ಇಲ್ಲಿಂದ ಹೋದರೂ ಟ್ರೌಟ್ ಇಲ್ಲಿಗೆ ಸುಲಭವಾಗಿ ಬರಲಿಲ್ಲ. ತಣ್ಣೀರು ಬಿಟ್ಟು ಬದುಕದ ಮೀನು ಅದು. ಫ್ರಾನ್ಸಿಸ್ ಡೇ 1863ರಲ್ಲಿ ನೀಲಗಿರಿಗೆ ಟ್ರೌಟ್ ತರಿಸಲು ಮಾಡಿದ ಯತ್ನ ವಿಫಲವಾಯಿತು. 20ನೇ ಶತಮಾನದ ಆರಂಭದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ತೆರೆದ ಮೇಲಷ್ಟೇ ಅದು ಅಲ್ಲಿ ನೆಲೆಯೂರಿತು. ಕನ್ನಡ ನಾಡಿನ ಹೊಳೆಗಳಲ್ಲಿ ಆ ತಂಪಿಲ್ಲ. ಹೀಗಾಗಿ ಇಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿಗಳು ತಮ್ಮ ಸಾಲ್ಮನ್ ಕೋಲು ಹಿಡಿದುಕೊಂಡು ಬೇರೆ ಮೀನು ಹುಡುಕಬೇಕಾಯಿತು. ಸಿಕ್ಕಿದ್ದು ಮಹಶೀರ್.

ಈ ಕತೆಯ ಮುಖ್ಯ ಪಾತ್ರಧಾರಿ ಹೆನ್ರಿ ಸಲಿವನ್ ಥಾಮಸ್, ದಕ್ಷಿಣ ಕನ್ನಡದ ಕಲೆಕ್ಟರ್. ಜಿಲ್ಲೆಯ ಹೊಳೆಗಳ ಮೀನಿನ ಬಗ್ಗೆ ಸರ್ಕಾರಕ್ಕೆ ವರದಿ ಬರೆದವನು, ಮೀನುಮರಿಗಳ ಕೊಲೆ ನಿಲ್ಲಬೇಕೆಂದು ವಾದಿಸಿದವನು. 1873ರಲ್ಲಿ ಮಂಗಳೂರಿನಲ್ಲಿ ಮೊದಲು ಅಚ್ಚಾದ ಅವನ ‘ದ ರಾಡ್ ಇನ್ ಇಂಡಿಯಾ’ ಭಾರತದ ಗಾಳಗಾರರಿಗೆ ಬಹುಕಾಲ ಕೈಪಿಡಿಯಾಗಿತ್ತು. ಗಾತ್ರಕ್ಕೆ ಗಾತ್ರ ನೋಡಿದರೆ ಸಾಲ್ಮನ್ನಿಗಿಂತ ಮಹಶೀರ್ ಹೆಚ್ಚಿನ ಕಾಳಗ ಕೊಡುತ್ತದೆ ಎಂಬುದು ಅವನ ತೀರ್ಪು. ಅದರ ಬಲವೆಲ್ಲ ಮೊದಲ ಓಟದಲ್ಲಿ. ಕಚ್ಚಿದ ಮರುಕ್ಷಣ ಬಂಡೆಗಳ ನಡುವಿನ ಸೆಳವಿಗೆ ನುಗ್ಗಿ ನೂರಾರು ಗಜ ದಾರ ಎಳೆದೊಯ್ಯುತ್ತದೆ.

ಮಹಶೀರಿನ ಬಾಯಿಯ ರಚನೆ ಗಮನಿಸಿದರೆ ಗಾಳ ಏಕೆ ಬದಲಾಗಬೇಕಾಯಿತು ಎಂಬುದು ತಿಳಿಯುತ್ತದೆ. ಇದು ಕಾರ್ಪ್ ಜಾತಿಯ ಮೀನು. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ತುಟಿ ತೊಗಲಿನಂತೆ ದಪ್ಪ. ಏಡಿ, ಶಂಖದ ಹುಳು, ಚಿಕ್ಕ ಮೀನು, ನೀರಿಗೆ ಬಿದ್ದ ಕಾಡುಹಣ್ಣು, ಬೀಜ ಎಲ್ಲವನ್ನೂ ನುಂಗಿ ಅರೆದುಬಿಡುತ್ತದೆ. ಸಾಲ್ಮನ್ನಿಗೆಂದು ಮಾಡಿದ ನಯವಾದ ಕೊಕ್ಕೆಗಳು ಇದರ ಬಾಯಲ್ಲಿ ಚಪ್ಪಟೆಯಾದವು, ಮುರಿದವು. ಹೆಚ್ಚು ದಪ್ಪ ತಂತಿಯ ಕೊಕ್ಕೆ, ಹೆಚ್ಚು ಮೀಸಲು ದಾರ ತುಂಬುವ ರೀಲು, ಬಂಡೆಗೆ ಉಜ್ಜಿದರೂ ತಾಳುವ ತುದಿದಾರ ಬೇಕಾದವು. ನೊಣದ ಜಾಗಕ್ಕೆ ನೀರಿನಲ್ಲಿ ಮಿನುಗುತ್ತ ತಿರುಗುವ ಲೋಹದ ಚಮಚೆ, ಸತ್ತ ಪುಟ್ಟ ಮೀನು ಬಂದವು.

ಆದರೂ ಕಾವೇರಿಯಲ್ಲಿ ಕೊನೆಗೆ ಗೆದ್ದ ಎರೆ ಯಾವ ಇಂಗ್ಲಿಷ್ ಅಂಗಡಿಯದ್ದೂ ಅಲ್ಲ, ರಾಗಿಯ ಮುದ್ದೆ. ಮೇಕೆದಾಟು, ಶಿವನಸಮುದ್ರದ ನಡುವಿನ ಹಳ್ಳಿಗಳ ಗಾಳಗಾರರು ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಮಸಾಲೆಯ ವಾಸನೆ ಸೇರಿಸಿ, ಬೇಯಿಸಿ ಉಂಡೆ ಮಾಡುತ್ತಿದ್ದರು. ಉಂಡೆ ಸೆಳವಿಗೆ ಕರಗಬಾರದು, ಮೀನಿನ ಬಾಯಲ್ಲಿ ಒಡೆಯಬೇಕು. ಆ ಹದ ಕೈಗೆ ಮಾತ್ರ ಗೊತ್ತು. ಬಂಡೆಯ ಸಂದಿಗೆ ಸಿಕ್ಕಿ ಕಳೆದುಹೋಗುವ ಸೀಸದ ಗುಂಡನ್ನು ದಾರಕ್ಕೆ ಬಿಗಿಯಾಗಿ ಕಟ್ಟದೆ, ಎಳೆದರೆ ಕಳಚಿಕೊಳ್ಳುವಂತೆ ಸುತ್ತುತ್ತಿದ್ದರು. ಗುಂಡು ಹೋದರೂ ಮೀನು ಉಳಿಯಬೇಕು ಎಂಬ ಲೆಕ್ಕ. ವಿಲಾಯತಿಯಿಂದ ಹನ್ನೆರಡಡಿಯ ಕೋಲು ತಂದವರು ಎರೆಗೆ ಮಾತ್ರ ಈ ಜನರ ಕೈ ನೋಡಬೇಕಾಯಿತು. ಹಿಟ್ಟಿನ ಉಂಡೆಯನ್ನು ಎರೆಯೆಂದು ಹೇಳಿದ್ದ ಕಲ್ಯಾಣದ ದೊರೆ ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದ.

ಹಿಡಿದ ಮೀನುಗಳಾದರೂ ಎಂಥವು! 1919ರಲ್ಲಿ ಮೈಸೂರು ಸೀಮೆಯ ಕಾವೇರಿಯಲ್ಲಿ ರಿವೆಟ್ ಕಾರ್ನಾಕ್ ಹಿಡಿದದ್ದು 119 ಪೌಂಡು. 1946ರಲ್ಲಿ ಮೈಸೂರಿನ ಹೆಸರಾಂತ ಚರ್ಮಪ್ರಸಾಧಕ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅದನ್ನೂ ಮೀರಿ 120 ಪೌಂಡಿನದನ್ನು ದಡಕ್ಕೆಳೆದರು. ನಮ್ಮ ಲೆಕ್ಕದಲ್ಲಿ 54 ಕಿಲೋಗಿಂತ ತುಸು ಹೆಚ್ಚು, ಒಬ್ಬ ಸಣಕಲು ಮನುಷ್ಯನ ತೂಕ. ಈ ದೈತ್ಯರು ಕಾವೇರಿಯ ಡುಬ್ಬದ ಮಹಶೀರುಗಳು. ತಲೆಯ ಹಿಂದೆ ಎತ್ತಿನ ಹಿಣಿಲಿನಂತೆ ಏಳುವ ಬೆನ್ನು, ಕಿತ್ತಳೆ ಛಾಯೆಯ ರೆಕ್ಕೆಗಳು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ.

ಸ್ವಾತಂತ್ರ್ಯದ ನಂತರ ಸಾಹೇಬರು ಹೋದರು, ಗಾಳ ಹಿಂದೆ ಸರಿಯಿತು, ಸಿಡಿಮದ್ದು ಮುಂದೆ ಬಂತು. ಮಡುವಿಗೆ ಒಂದು ಸಿಡಿಮದ್ದು ಎಸೆದರೆ ಮೀನಿನ ಜಾತಿ, ವಯಸ್ಸು, ಬಸಿರು ಯಾವುದನ್ನೂ ನೋಡುವ ಗೊಡವೆಯಿಲ್ಲ. 1970ರ ದಶಕದ ಕೊನೆಯಲ್ಲಿ ಮೂವರು ಬ್ರಿಟಿಷ್ ತರುಣರು ಕಾವೇರಿಗೆ ಬಂದು ದೊಡ್ಡ ಮಹಶೀರ್ ಇನ್ನೂ ಬದುಕಿದೆಯೆಂದು ಗಾಳದಿಂದಲೇ ತೋರಿಸಿಕೊಟ್ಟ ಮೇಲೆ ಹೊರಜಗತ್ತಿನ ಕಣ್ಣು ಮತ್ತೆ ಇತ್ತ ಬಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಕಾಯುವ ಹೊಣೆ ಹೊತ್ತಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರಗಳು ಎದ್ದವು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹಲವರು ಅಲ್ಲಿ ಮಾರ್ಗದರ್ಶಕರಾದರು, ಕಾವಲುಗಾರರಾದರು. ಜೀವಂತ ಮೀನಿನಿಂದ ಸಂಬಳ ಬರುತ್ತದೆಂದಾದರೆ ಸಿಡಿಮದ್ದು ಹಿಡಿಯುವ ಕೈ ತಾನೇ ಹಿಂಜರಿಯುತ್ತದೆ.

ಅಲ್ಲಿಯ ನಿಯಮ ಒಂದೇ: ಹಿಡಿದು ತೂಗು, ಮರಳಿ ನೀರಿಗೆ ಬಿಡು. ಈ ನಿಯಮ ಸಲಕರಣೆಯನ್ನು ಮತ್ತೊಮ್ಮೆ ತಿದ್ದಿತು. ಸೋಮೇಶ್ವರನಿಗೂ ಥಾಮಸನಿಗೂ ಗಾಳವೆಂದರೆ ಮೀನು ತಪ್ಪಿಸಿಕೊಳ್ಳಬಾರದ ಸಾಧನ. ಬಿಟ್ಟುಬಿಡಲೆಂದೇ ಹಿಡಿಯುವವನಿಗೆ ಕೊಕ್ಕೆಯ ಹಿಮ್ಮುಳ್ಳು ಬೇಡ. ಅದನ್ನು ಇಕ್ಕಳದಿಂದ ಒತ್ತಿ ಸಮ ಮಾಡಬೇಕು, ಆಗ ಮೀನಿನ ತುಟಿ ಹರಿಯದೆ ಕೊಕ್ಕೆ ಜಾರಿ ಬರುತ್ತದೆ. ಮೂರು ಮುಳ್ಳಿನ ಕೊಕ್ಕೆಗಿಂತ ಒಂಟಿ ಮುಳ್ಳಿನದು ವಾಸಿ. ಎಳೆಯ ದಾರದಲ್ಲಿ ಗಂಟೆಗಟ್ಟಲೆ ಆಡಿಸುವುದನ್ನು ಹಿಂದೆ ಶೌರ್ಯವೆಂದು ಎಣಿಸುತ್ತಿದ್ದರು. ಅಷ್ಟು ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಆದ್ದರಿಂದ ಗಟ್ಟಿ ಕೋಲು, ಗಟ್ಟಿ ದಾರ, ಬೇಗ ಮುಗಿಯುವ ಕಾಳಗ. ಬಲೆಯ ಗಂಟು ಹುರುಪೆ ಕೀಳದಂತೆ ನಯವಾದ ಬಲೆ. ಮೀನನ್ನು ಮರಳಿನ ಮೇಲೆ ಹೊರಳಿಸಬಾರದು. ಒದ್ದೆ ಕೈಯಲ್ಲಿ ಹಿಡಿದು, ಮೂತಿ ಸೆಳವಿಗೆದುರಾಗಿ ನೀರಿನಲ್ಲಿ ನಿಲ್ಲಿಸಿ, ತಾನಾಗಿ ಕಸುವು ತುಂಬಿಕೊಂಡು ಹೋಗುವವರೆಗೆ ಕಾಯಬೇಕು.

ಇದರ ಜೊತೆಗೆ ಹುಸಿನೊಣವೂ ಮಹಶೀರಿಗೆ ಮರಳಿ ಬಂದಿದೆ, ಹಿಮಾಲಯದ ಹೊಳೆಗಳಲ್ಲಿ ಹೆಚ್ಚಾಗಿ. 8 ಅಥವಾ 9ನೇ ನಂಬರಿನ ಒಂಬತ್ತಡಿ ಕೋಲು, ನೂರೈವತ್ತು ಮೀಟರಿಗೆ ಕಡಿಮೆಯಿಲ್ಲದ ಮೀಸಲು ದಾರ, ಓಟವನ್ನು ತಡೆಯುವ ಬಿಗಿಯುಳ್ಳ ರೀಲು, ಚಿಕ್ಕ ಮೀನನ್ನು ಹೋಲುವ ಉದ್ದ ನೊಣ. ಉಂಡೆಗಿಂತ ನೊಣಕ್ಕೆ ಒಂದು ಅನುಕೂಲವುಂಟು. ಉಂಡೆಯನ್ನು ಮೀನು ಆಳಕ್ಕೆ ನುಂಗುವ ಭಯವಿದೆ. ನೊಣ ಸಾಮಾನ್ಯವಾಗಿ ತುಟಿಗೇ ಸಿಕ್ಕಿಕೊಳ್ಳುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಹುಚ್ಚನ್ನು ಬಲ್ಲ ಕನ್ನಡ ಓದುಗರಿಗೆ ಇಷ್ಟೆಲ್ಲ ಸೂಕ್ಷ್ಮ ಅತಿಯೆನಿಸಲಾರದು.

ಗಾಲಿಬೋರೆಯ ಶಿಬಿರದಲ್ಲಿ ಹಿಡಿದ ಪ್ರತಿ ಮೀನಿನ ತೂಕ, ಬಗೆ, ಹಿಡಿಯಲು ತಗುಲಿದ ಹೊತ್ತು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾರೂ ವಿಜ್ಞಾನಕ್ಕೆಂದು ಬರೆದದ್ದಲ್ಲ. ಆದರೆ 1998ರಿಂದ 2012ರವರೆಗಿನ ಆ ಪುಟಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ 23,620 ಗಂಟೆಗಳ ಗಾಳ, 6,161 ಮಹಶೀರುಗಳ ದಾಖಲೆ ಕೈಗೆ ಬಂತು. ಮೀನಿನ ಸಂಖ್ಯೆಯೇನೋ ಏರುತ್ತಿತ್ತು. ಕಾವಲು ಫಲ ಕೊಟ್ಟಿತ್ತು. ಆದರೆ ಏರುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಅದು ಕಾವೇರಿಯ ಮೂಲನಿವಾಸಿಯಲ್ಲ. ಪುಣೆಯ ಬಳಿಯ ಹೊಳೆಯಿಂದ 1839ರಲ್ಲಿ ಸೈಕ್ಸ್ ವರ್ಣಿಸಿದ ಜಾತಿ. ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಮಹಶೀರ್ ಸಂತತಿ ಹೆಚ್ಚಲಿ ಎಂಬ ಸದುದ್ದೇಶದಿಂದ ಕಾವೇರಿಗೆ ಬಿಟ್ಟಿದ್ದರು. ಅದೇ ಪುಟಗಳಲ್ಲಿ ಡುಬ್ಬದ ಮಹಶೀರ್ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ ಹೋಗಿತ್ತು. ಎಲ್ಲವನ್ನೂ ಬರಿದೇ ‘ಮಹಶೀರ್’ ಎಂದು ಎಣಿಸಿದ್ದರೆ ಹೊಳೆ ಸುಭಿಕ್ಷವಾಗಿದೆ ಎಂದೇ ತೋರುತ್ತಿತ್ತು.

ಇನ್ನೂ ವಿಚಿತ್ರವೆಂದರೆ ಲೋಕವೆಲ್ಲ ಕೊಂಡಾಡಿದ ಆ ಡುಬ್ಬದ ಮೀನಿಗೆ ಅಷ್ಟರವರೆಗೆ ಶಾಸ್ತ್ರೀಯ ಹೆಸರೇ ಇತ್ಯರ್ಥವಾಗಿರಲಿಲ್ಲ. ಕಾಯ್ದೆಯಲ್ಲಾಗಲಿ ಅಳಿವಿನ ಪಟ್ಟಿಯಲ್ಲಾಗಲಿ ಸೇರಿಸಲು ಹೆಸರು ಬೇಕು. 2018ರಲ್ಲಿ ಅದು, ಕಾವೇರಿಯ ದೂರದ ಉಪನದಿಯಾದ ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಎಂದು ಖಚಿತವಾಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ಅಷ್ಟು ಹೊತ್ತಿಗೆ ಗಾಲಿಬೋರೆಯ ಗಾಳ ನಿಂತಿತ್ತು. ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂದು ವನ್ಯಜೀವಿ ಕಾಯ್ದೆಯನ್ನು ಅರ್ಥೈಸಿದ್ದರಿಂದ 2012ರ ವೇಳೆಗೆ ಕಾವೇರಿ ವನ್ಯಧಾಮದ ಶಿಬಿರಗಳಲ್ಲಿ ಹಿಡಿದು ಬಿಡುವ ಆಟಕ್ಕೆ ತೆರೆ ಬಿತ್ತು. ಮೀನಿಗೂ ನೋವಿದೆ, ವಿನೋದಕ್ಕಾಗಿ ಅದನ್ನು ಮುಳ್ಳಿಗೆ ಸಿಕ್ಕಿಸುವುದು ಸಲ್ಲದು ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಕಾಯ್ದೆಯೂ ಹುಲಿ, ಜಿಂಕೆಗೆ ಒಂದು ನ್ಯಾಯ, ಮೀನಿಗೆ ಇನ್ನೊಂದು ಎನ್ನಲಾರದು. ಆದರೆ ಸಿಡಿಮದ್ದಿನವನಿಗೆ ಯಾವ ಕಾಯ್ದೆಯೂ ಮೊದಲಿನಿಂದ ಅಡ್ಡಿಯಾಗಿರಲಿಲ್ಲ. ಅವನಿಗೆ ಅಡ್ಡಿಯಾಗಿದ್ದವರು ದಡದಲ್ಲಿ ಗಾಳ ಹಿಡಿದು ಕುಳಿತವರು ಮತ್ತು ಅವರಿಂದ ಸಂಬಳ ಪಡೆಯುತ್ತಿದ್ದ ಹಳ್ಳಿಗರು. ಇತ್ತ ಕೊಡಗಿನ ವಾಲ್ನೂರಿನ ಬಳಿ ಅಭಯಾರಣ್ಯದ ಹೊರಗಿನ ಕಾವೇರಿಯಲ್ಲಿ ಕೊಡಗು ವನ್ಯಜೀವಿ ಸಂಘ ಹಿಡಿದು ಬಿಡುವ ಪದ್ಧತಿಯ ಮೇಲೆ ಹೊಳೆ ಕಾಯ್ದು ತೋರಿಸಿದೆ. ಒಳಗೆ, ಡುಬ್ಬದ ಮಹಶೀರಿನ ಹಳೆಯ ಮಡುಗಳಿರುವಲ್ಲಿ, ಗಾಳದೊಂದಿಗೆ ಗಾಲಿಬೋರೆಯ ಆ ಲೆಕ್ಕದ ಪುಸ್ತಕವೂ 2012ಕ್ಕೆ ನಿಂತುಹೋಯಿತು.